ಮೊದಲು ಲೆಕ್ಕ, ಆಮೇಲೆ ಕೋಡ್

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳಲ್ಲಿ ಈ ವರ್ಷ ಬಿಸಿಎಗೋ ಎಂಜಿನಿಯರಿಂಗಿಗೋ ಸೇರಿರುವ ಮಕ್ಕಳೇ, ಮೊದಲ ವರ್ಷದಲ್ಲೇ ನಿಮಗೆ ಪ್ರೋಗ್ರಾಮಿಂಗ್ ಎದುರಾಗಿದೆ. ಇದನ್ನು ಕಲಿಸುತ್ತಲೇ ತಲೆ ನರೆತವನು ನಾನು. ನಿಮಗೆ ಹೇಳಬೇಕಾದ ಮಾತು ಒಂದೇ: ಕೋಡ್ ಬರೆಯುವ ಮೊದಲು ಲೆಕ್ಕವನ್ನು ನಿಮ್ಮ ಕೈಯಲ್ಲೇ ಬಿಡಿಸಿ, ಉತ್ತರ ಬಂದ ಮೇಲೂ ಪರೀಕ್ಷೆ ಮಾಡದೆ ನಂಬಬೇಡಿ.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವಾರವೇ ಹೆದರುತ್ತಾರೆ. ಇಂಗ್ಲಿಷ್ ಬಾರದವರಿಗೆ ಇದು ಎಲ್ಲಿ ಒಲಿದೀತು ಎಂದು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಹಾಗೆ ಮಾಡಬೇಡಿ. ಡೆನಿಸ್ ರಿಚಿ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆಗೆ 1989ರಲ್ಲಿ ಪ್ರಮಾಣಿತ ರೂಪ ಬಂತು. ಅದರಲ್ಲಿರುವ ಮೀಸಲು ಪದಗಳು ಬರೀ 32. ಇಫ್, ಎಲ್ಸ್, ಫಾರ್, ವೈಲ್ ಮುಂತಾದ ಹತ್ತು ಹನ್ನೆರಡು ಪದ ಕೈವಶವಾದರೆ ಮೊದಲ ಸೆಮಿಸ್ಟರ್ ನಡೆಯುತ್ತದೆ. ಉಳಿದದ್ದೆಲ್ಲ ತರ್ಕ, ಅದಕ್ಕೆ ಕನ್ನಡ ಧಾರಾಳವಾಗಿ ಸಾಕು. ಫ್ಲೋಚಾರ್ಟನ್ನು ಕನ್ನಡದಲ್ಲೇ ಬರೆಯಿರಿ, ಹೆಜ್ಜೆಗಳನ್ನು ಕನ್ನಡದಲ್ಲೇ ಯೋಚಿಸಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ನಿಧಾನವಾಗಿ ಬರುತ್ತದೆ.

ಈಗ ಒಂದು ಲೆಕ್ಕ ತೆಗೆದುಕೊಳ್ಳೋಣ. ನಿಮ್ಮಲ್ಲಿ ಅನೇಕರ ಮನೆಯಿಂದ ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹೋಗುತ್ತದೆ. ಬೆಳಿಗ್ಗೆ 6 ಲೀಟರ್, ಫ್ಯಾಟ್ 3.8. ಸಂಜೆ 3 ಲೀಟರ್, ಫ್ಯಾಟ್ 4.4. ದಿನದ ಸರಾಸರಿ ಫ್ಯಾಟ್ ಎಷ್ಟು? ತರಗತಿಯಲ್ಲಿ ಕೇಳಿದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ 4.1 ಎನ್ನುವವರೇ ಹೆಚ್ಚು. ಆದರೆ ಬೆಳಗಿನ ಹಾಲು ಸಂಜೆಯದರ ಎರಡರಷ್ಟಿದೆ. 6ನ್ನು 3.8ರಿಂದ, 3ನ್ನು 4.4ರಿಂದ ಗುಣಿಸಿ, ಕೂಡಿಸಿ, 9ರಿಂದ ಭಾಗಿಸಿದರೆ ಸಿಗುವುದು 4.0. ಮೊದಲ ಉತ್ತರ ಕೊಡುವ ಪ್ರೋಗ್ರಾಮಿನಲ್ಲಿ ವ್ಯಾಕರಣದೋಷ ಒಂದೂ ಇರುವುದಿಲ್ಲ, ಕಂಪೈಲರ್ ತಕರಾರು ತೆಗೆಯುವುದಿಲ್ಲ. ತಪ್ಪಿರುವುದು ಲೆಕ್ಕವನ್ನು ಅರ್ಥಮಾಡಿಕೊಂಡ ರೀತಿಯಲ್ಲಿ. ಫ್ಯಾಟನ್ನು ಪೂರ್ಣಾಂಕದ ವೇರಿಯಬಲ್ಲಿನಲ್ಲಿ ಇಟ್ಟರೆ 4.4 ಸದ್ದಿಲ್ಲದೆ 4 ಆಗುತ್ತದೆ. ಹಸು ಗಬ್ಬವಾಗಿ ಹಾಲು ಬತ್ತಿದ ವಾರ ಒಟ್ಟು ಲೀಟರ್ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ಆ ವಾರಕ್ಕೇನು ಮಾಡಬೇಕೆಂದು ನೀವೇ ಮೊದಲು ತೀರ್ಮಾನಿಸಬೇಕು. ಹಾಲಿನ ಬಟವಾಡೆ ನೋಡಿಕೊಳ್ಳುವ ಅಮ್ಮನನ್ನು ಕೇಳಿ, ಇಂಥ ಸಂದರ್ಭಗಳನ್ನು ಇನ್ನೂ ನಾಲ್ಕು ಹೇಳುತ್ತಾರೆ.

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತ ಹೇಳಿದರು: ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಬಿಡಿಸುವುದು, ಹಿಂತಿರುಗಿ ನೋಡುವುದು. ನೀವು ಕೀಬೋರ್ಡ್ ಮುಟ್ಟುವುದು ಮೂರನೆಯ ಹಂತದಲ್ಲಿ. ಮೊದಲಿನೆರಡನ್ನು ಹಾರಿಸಿದವರಿಗೆ ಲ್ಯಾಬಿನ ಸಮಯ ಎಷ್ಟಿದ್ದರೂ ಸಾಲುವುದಿಲ್ಲ.

ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ ಎಂಬ ಕೊರಗು ನಿಮ್ಮಲ್ಲಿ ಹಲವರಿಗಿದೆ. ಅರಕಲಗೂಡಿಗೆ ರೈಲಿಲ್ಲ, ರಾಮನಾಥಪುರ, ಕೊಣನೂರು ಕಡೆಯವರಿಗೆ ಸಂಜೆಯ ಬಸ್ಸಿನ ಚಿಂತೆ. ಆ ಬಸ್ಸಿನಲ್ಲೇ ಒಂದು ನೋಟ್‌ಬುಕ್ ತೆಗೆದು ಡ್ರೈ ರನ್ ಮಾಡಿ. ಒಂದೊಂದು ವೇರಿಯಬಲ್ಲಿಗೆ ಒಂದೊಂದು ಕಾಲಂ ಎಳೆದು, ಕೋಡಿನ ಸಾಲು ನಡೆದಂತೆ ಬೆಲೆ ಬದಲಿಸುತ್ತ ಹೋಗಿ. ಏಳು ದಿನದ ಹಾಲು ಕೂಡಿಸಬೇಕಾದ ಲೂಪು ಸೊನ್ನೆಯಿಂದ ಶುರುವಾಗಿ ಏಳರವರೆಗೂ ಹೋದರೆ ಎಂಟು ಸಲ ತಿರುಗುತ್ತದೆ. ಪರದೆಯ ಮುಂದೆ ಕೂತು ಗಂಟೆಗಟ್ಟಲೆ ಹುಡುಕುವ ಈ ತಪ್ಪು ಕಾಗದದ ಮೇಲೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಹೀಗೆ ಕೈಯಲ್ಲಿ ನಡೆಸಿ ನೋಡಿದವರು ವೈವಾದಲ್ಲಿ ತಡವರಿಸಿದ್ದನ್ನು ನಾನು ಕಂಡಿದ್ದು ಕಡಿಮೆ.

ಇನ್ನು ಪರೀಕ್ಷಿಸುವ ವಿಷಯ. ಎಲ್ಲರ ರೆಕಾರ್ಡಿನಲ್ಲೂ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಇರುತ್ತದೆ. 5 ಕೊಟ್ಟರೆ 120 ಬರುತ್ತದೆ, ಅಲ್ಲಿಗೆ ಸಹಿ ಹಾಕಿಸಿಕೊಂಡು ಮುಂದೆ ಹೋಗುತ್ತೀರಿ. ಹಳೆಯ ಟರ್ಬೋ ಸಿಯಲ್ಲಿ 8 ಕೊಟ್ಟು ನೋಡಿ. ಬರಬೇಕಾದದ್ದು 40320, ಬರುವುದು ಮೈನಸ್ 25216. ಅಲ್ಲಿ ಪೂರ್ಣಾಂಕಕ್ಕೆ 16 ಬಿಟ್ ಜಾಗ, 32767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಈಗಿನ ಕಂಪೈಲರುಗಳಲ್ಲಿ ಸಾಮಾನ್ಯವಾಗಿ 32 ಬಿಟ್. 12ರವರೆಗೆ ಸರಿ, 13ಕ್ಕೆ 1932053504 ಎಂದು ತೋರಿಸುತ್ತದೆ. ಸರಿಯಾದ ಉತ್ತರ 6227020800. ಮೈನಸ್ ಗುರುತಿಲ್ಲದ ಈ ತಪ್ಪು ಉತ್ತರವೇ ಹೆಚ್ಚು ಅಪಾಯದ್ದು, ನೋಡಿದ ಕೂಡಲೇ ಅನುಮಾನ ಬರುವುದಿಲ್ಲ. ಸಣ್ಣದು, ಸೊನ್ನೆ, ಮೈನಸ್, ತೀರಾ ದೊಡ್ಡದು: ಪ್ರತಿ ಪ್ರೋಗ್ರಾಮಿಗೂ ಈ ನಾಲ್ಕನ್ನು ಕೊಟ್ಟು ನೋಡಿ.

ಇದು ಅಂಕಕ್ಕಾಗಿ ಮಾಡುವ ಕಸರತ್ತಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಮೊದಲ ಸಲ ಹಾರಿದ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಒಡೆದು ಚೂರಾಯಿತು. 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕದಲ್ಲಿ ತುಂಬಲು ಹೋಗಿದ್ದೇ ಕಾರಣ. ಆ ಕೋಡು ಏರಿಯಾನ್-4ರದ್ದು. ಹೊಸ ರಾಕೆಟ್ಟಿನ ವೇಗಕ್ಕೆ ಅದು ತಡೆಯುತ್ತದೆಯೇ ಎಂದು ಪರೀಕ್ಷಿಸದೆ ಹಾಗೇ ತಂದು ಹಾಕಿದ್ದರು. ನಮ್ಮ ಇನ್ಸಾಟ್ ಉಪಗ್ರಹಗಳಲ್ಲಿ ಹಲವು ಹೋದದ್ದು ಏರಿಯಾನ್ ರಾಕೆಟ್ಟುಗಳಲ್ಲೇ. ಆ ಉಪಗ್ರಹಗಳನ್ನು ನಿಯಂತ್ರಿಸುತ್ತ ಬಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಸುಮಾರು 36000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ತಪ್ಪು ಆದೇಶ ಹೋದರೆ ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ. ಆದೇಶ ಕಳಿಸುವ ಮೊದಲೇ ಅದು ಸರಿಯಿರಬೇಕು.

ಆದ್ದರಿಂದಲೇ ಹೇಳುತ್ತೇನೆ, ಸೀನಿಯರುಗಳ ರೆಕಾರ್ಡ್ ನೋಡಿ ನಕಲು ಮಾಡಬೇಡಿ. ಈಗ ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಕೋಡ್ ಬರೆದು ಕೊಡುವ ಎಐ ಇದೆ. ಅದನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಮೊದಲು ನೀವೇ ಬಿಡಿಸಿ, ಆಮೇಲೆ ಅದರ ಉತ್ತರದ ಜೊತೆ ನಿಮ್ಮದನ್ನು ಹೋಲಿಸಿ. ಅದು ಕೊಟ್ಟ ಕೋಡಿಗೂ ಡ್ರೈ ರನ್ ಮಾಡಿ, ಆ ನಾಲ್ಕು ಬಗೆಯ ಸಂಖ್ಯೆ ಕೊಟ್ಟು ನೋಡಿ. ಬೇರೆಯವರು ಬರೆದದ್ದನ್ನು ಪರೀಕ್ಷಿಸಿ ಸರಿಯೋ ತಪ್ಪೋ ಎಂದು ಹೇಳಬಲ್ಲವರಿಗೆ ಮುಂದೆಯೂ ಕೆಲಸವಿದೆ. ನಕಲು ಮಾಡಿ ದಾಟಿಕೊಂಡವರಿಗೆ ಆ ಶಕ್ತಿ ಬರುವುದಿಲ್ಲ.

ಎರ್ರರ್ ಬಂತೆಂದು ಯಾರೂ ದಡ್ಡರಾಗುವುದಿಲ್ಲ. ಬಂದ ಸಂದೇಶವನ್ನು ಪೂರ್ತಿ ಓದಿ, ಮೊದಲನೆಯದನ್ನು ಮೊದಲು ಸರಿಪಡಿಸಿ. ಎಷ್ಟೋ ಸಲ ಉಳಿದವು ತಾವೇ ಹೋಗುತ್ತವೆ. ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳಿ, ಅರ್ಥವಾದರೆ ಪಕ್ಕದವರಿಗೆ ಹೇಳಿಕೊಡಿ. ನಾಳಿನ ಲ್ಯಾಬಿಗೆ ಹೋಗುವಾಗ ಒಂದು ಲೆಕ್ಕವನ್ನಾದರೂ ಕಾಗದದ ಮೇಲೆ ಬಿಡಿಸಿಕೊಂಡು ಹೋಗಿ. ಈ ರೂಢಿಯನ್ನು ಮೊದಲ ಸೆಮಿಸ್ಟರಿನಲ್ಲೇ ಹಾಕಿಕೊಳ್ಳಿ, ಮುಂದೆ ಯಾವ ಭಾಷೆ ಬಂದರೂ ನಿಮಗೆ ಕಷ್ಟವಾಗುವುದಿಲ್ಲ.