ಸರಕಾರದ ಸಹಾಯ ಯಾರ ಹೆಸರಿಗೆ? : ಭಾರತ ಮತ್ತು ಬ್ರಾಝಿಲ್

ಸರಕಾರವು ಪ್ರಜೆಗಳಿಗೆ ನೀಡುವ ಹಣದ ಸಹಾಯದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಸಹಾಯಧನವು ವಸ್ತುವಿನ ಬೆಲೆಯನ್ನು ಇಳಿಸುತ್ತದೆ. ವರ್ಗಾವಣೆ ಪಾವತಿಯು ನೇರವಾಗಿ ಮನುಷ್ಯನ ಕೈ ಸೇರುತ್ತದೆ. ಮೊದಲನೆಯದರಿಂದ ಹೆಚ್ಚು ಕೊಳ್ಳುವವನಿಗೆ ಹೆಚ್ಚು ಲಾಭ, ಎರಡನೆಯದರಿಂದ ಬಡವನಿಗೆ ಹೆಚ್ಚು ಲಾಭ ಎಂಬುದು ಅರ್ಥಶಾಸ್ತ್ರದ ಸಾಮಾನ್ಯ ಮತ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಎರಡು ದೇಶಗಳ ಉದಾಹರಣೆಯಿಂದ ವಿಚಾರಿಸೋಣ.

ನಮ್ಮ ಕೇಂದ್ರ ಸರಕಾರದ 2024-25ರ ಆಯವ್ಯಯ ಅಂದಾಜಿನಲ್ಲಿ ಆಹಾರದ ಸಹಾಯಧನಕ್ಕೆ 2,05,250 ಕೋಟಿ, ರಸಗೊಬ್ಬರದ್ದಕ್ಕೆ 1,64,000 ಕೋಟಿ ರೂಪಾಯಿ ಇಡಲಾಗಿತ್ತು. ಅಂದರೆ ವೆಚ್ಚದ ಪ್ರತಿ ರೂಪಾಯಿಯಲ್ಲಿ ಏಳೂವರೆ ಪೈಸೆಗೂ ಹೆಚ್ಚು ಇವೆರಡಕ್ಕೇ ಸಲ್ಲುತ್ತಿತ್ತು. ರೈತನ ಖಾತೆಗೆ ವರ್ಷಕ್ಕೆ 6,000 ರೂಪಾಯಿ ಹಾಕುವ ಪಿ.ಎಂ. ಕಿಸಾನ್ ಯೋಜನೆಗೆ ಇಟ್ಟದ್ದು 60,000 ಕೋಟಿ.

ಬ್ರಾಝಿಲ್ ದೇಶವು 2003ರಲ್ಲಿ ‘ಬೋಲ್ಸಾ ಫಮೀಲಿಯಾ’ ಎಂಬ ಕುಟುಂಬ ಸಹಾಯವನ್ನು ಆರಂಭಿಸಿತು. ಮೊದಲ ಹತ್ತು ವರ್ಷಗಳಲ್ಲಿ ಇದರ ವೆಚ್ಚ ರಾಷ್ಟ್ರೀಯ ಉತ್ಪನ್ನದ ಸುಮಾರು ಅರ್ಧ ಪ್ರತಿಶತ ಮಾತ್ರ. 2021ರಲ್ಲಿ ಬೇರೆ ಹೆಸರು ತಳೆದು, 2023ರಲ್ಲಿ ಹಳೆಯ ಹೆಸರಿನಿಂದಲೇ ಪುನಃ ಬಂದಿತು. ಆಗಿನ ನಿಯಮದಂತೆ ತಲಾ ಮಾಸಿಕ ಆದಾಯ 218 ರಿಯಾಲ್ ಮೀರದ ಕುಟುಂಬಕ್ಕೆ ತಿಂಗಳಿಗೆ ಕನಿಷ್ಠ 600 ರಿಯಾಲ್; ಆರು ವರ್ಷದೊಳಗಿನ ಪ್ರತಿ ಮಗುವಿಗೆ ಮೇಲೆ 150. ಮಕ್ಕಳಿಗೆ ಲಸಿಕೆ ಹಾಕಿಸಬೇಕು. ಆರು ವರ್ಷ ದಾಟಿದವರ ಶಾಲಾ ಹಾಜರಿ 75 ಪ್ರತಿಶತ ಇರಬೇಕು. ಹಣವು ಸಾಮಾನ್ಯವಾಗಿ ತಾಯಿಯ ಹೆಸರಿಗೇ ಬರುತ್ತದೆ.

ಇನ್ನು ಈ ತತ್ತ್ವವನ್ನು ನಮ್ಮ ಕಟಕೋಳದ ಹೊಲಕ್ಕೆ ಹಚ್ಚಿ ನೋಡೋಣ. ನಮ್ಮ ತಂದೆಯವರು ಲಾವಣಿ ಹೊಲ ಮಾಡುವವರು. ಗೋವಿನಜೋಳಕ್ಕೆ ಹಾಕುವ ಯೂರಿಯಾದ 45 ಕಿಲೋ ಚೀಲಕ್ಕೆ, ತೆರಿಗೆ ಮತ್ತು ಬೇವಿನ ಲೇಪದ ವೆಚ್ಚ ಬಿಟ್ಟು, ಸರಕಾರ ನಿಗದಿ ಮಾಡಿದ ಬೆಲೆ 242 ರೂಪಾಯಿ. ಈ ಸಹಾಯಧನ ಲಾವಣಿದಾರನಿಗೂ ಮುಟ್ಟುತ್ತದೆ. ಆದರೆ ಪಿ.ಎಂ. ಕಿಸಾನ್ ಹಣ ಉತಾರದಲ್ಲಿ ಹೆಸರಿದ್ದ ಹೊಲದ ಒಡೆಯನಿಗೆ ಹೋಗುತ್ತದೆ, ಬೆವರು ಸುರಿಸುವವನಿಗಲ್ಲ. ಕೂಲಿಕಾರನಿಗೆ ಎರಡೂ ಇಲ್ಲ. ಹೀಗೆ ಪುಸ್ತಕದ ತತ್ತ್ವ ಇಲ್ಲಿ ತಲೆಕೆಳಗಾಗುತ್ತದೆ.

ಇದಕ್ಕೆ ಕಾರಣ ನಗದು ಅಲ್ಲ, ಪಟ್ಟಿ. ಬ್ರಾಝಿಲ್ ಕುಟುಂಬದ ಆದಾಯವನ್ನೂ ಮಕ್ಕಳನ್ನೂ ಎಣಿಸಿತು, ಪಿ.ಎಂ. ಕಿಸಾನ್ ಭೂಮಿಯನ್ನು ಎಣಿಸಿತು. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ ಸಲ್ಲುವುದರಿಂದ, ಹೊಲವಿಲ್ಲದ ಮನೆಯನ್ನೂ ತಲುಪುತ್ತದೆ.

ನಗದಿಗೂ ಒಂದು ದೋಷವುಂಟು. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಕೊಡಲಾಯಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಪೇಟೆಯ ದರ ಏರಿದರೆ ಹಣದ ಬೆಲೆ ಕುಗ್ಗುತ್ತದೆ. ಐದು ಕಿಲೋ ಅಕ್ಕಿ ಐದು ಕಿಲೋ ಆಗಿಯೇ ಉಳಿಯುತ್ತದೆ. ಹಾಗೆಯೇ ಹಾಜರಿಯ ನಿಯಮವೂ ಶಾಲೆ ಹತ್ತಿರವಿದ್ದು ಮಾಸ್ತರರು ಇದ್ದಲ್ಲಿ ಮಾತ್ರ ನ್ಯಾಯವಾದೀತು. ಇಲ್ಲವಾದರೆ ಸರಕಾರದ ಕೊರತೆಗೆ ಮಗು ದಂಡ ತೆತ್ತಂತಾಗುತ್ತದೆ.

ನಮ್ಮ ಮನೆತನದಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಸುಗ್ಗಿಯಲ್ಲಿ ಶಾಲೆ ಬಿಟ್ಟು ಕೂಲಿಗೆ ಹೋದ ಜೊತೆಗಾರರು ಬುದ್ಧಿಯಲ್ಲಿ ನನಗಿಂತ ಕಡಿಮೆಯವರೇನಲ್ಲ. ಅವರ ಮನೆಗೆ ಮಗುವಿನ ಓದನ್ನು ಎಣಿಸಿ ಬರುವ ಹಣ ಇದ್ದಿದ್ದರೆ ಇಂದು ಈ ತರಗತಿಯಲ್ಲಿ ಇನ್ನೂ ಕೆಲವರು ಕುಳಿತಿರುತ್ತಿದ್ದರೇನೋ. ಆದುದರಿಂದ ಆಯವ್ಯಯವನ್ನು ಓದುವಾಗ ‘ಎಷ್ಟು ಕೋಟಿ?’ ಎಂದು ಕೇಳಿದ ಮೇಲೆ ‘ಯಾವ ಪಟ್ಟಿಯಂತೆ?’ ಎಂದೂ ಕೇಳುವುದು ಅರ್ಥಶಾಸ್ತ್ರ ವಿದ್ಯಾರ್ಥಿಯ ಕರ್ತವ್ಯವಾಗಿದೆ.