ಕಲಾದಗಿ ಕಲ್ಲಿನ ಬೆನ್ನು ಹತ್ತಿದವರಿಗೆ

ಮುಧೋಳ, ಲೋಕಾಪುರದ ಸುಣ್ಣದಕಲ್ಲಿನ ಮೇಲೆ ಸಂಶೋಧನೆಗೆ ಕೂತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ದಾರಿ ಸುಲಭದ್ದಲ್ಲ. ಕಲಾದಗಿ ಶಿಲಾಸ್ತರಗಳನ್ನೇ ನೆಚ್ಚಿಕೊಂಡವರು ಕಡಿಮೆ. ಫೆಲೋಶಿಪ್ ಹಣ ತಡವಾಗುತ್ತದೆ, ಕಲ್ಲಿನ ವಯಸ್ಸು ಅಳೆಯುವ ಯಂತ್ರ ದೂರದ ಊರಲ್ಲಿರುತ್ತದೆ, ಅಲ್ಲಿ ಸರದಿ ಕಾಯಬೇಕು. ಮನೆಯಲ್ಲಿ 'ಕಲ್ಲು ಓದಿ ಏನು ಮಾಡ್ತಿ?' ಅಂತ ಕೇಳುತ್ತಾರೆ.

ಕಾಯುವ ಆ ತಿಂಗಳುಗಳನ್ನು ಹೊಲ, ಹಳ್ಳಗಳಲ್ಲಿ ಕಳೆಯಿರಿ. ಭೂವಿಜ್ಞಾನಿ ಬ್ರೂಸ್ ಫೂಟ್ ಈ ಸೀಮೆ ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದಾಗ ಅವರಿಗಿದ್ದದ್ದು ಸುತ್ತಿಗೆ, ಕಣ್ಣು, ಕಾಲು. ಕಲ್ಲಿನ ಮೇಲೆ ಒಂದು ಹನಿ ತೆಳು ಆಮ್ಲ ಬಿಡಿ: ಸುಣ್ಣದಕಲ್ಲಾದರೆ ಬುರಬುರನೆ ನೊರೆಯುತ್ತದೆ, ಡಾಲೊಮೈಟ್ ಸುಮ್ಮನಿರುತ್ತದೆ, ಗೀರಿ ಪುಡಿ ಮಾಡಿದರಷ್ಟೇ ಮೆಲ್ಲಗೆ ಗುಳ್ಳೆ ಏಳುತ್ತದೆ. ಎಲೆಕೋಸಿನಂತೆ ಪದರ ಪದರವಾದ ಸ್ಟ್ರೊಮಾಟೊಲೈಟ್ ಕಂಡರೆ ಸುತ್ತಿಗೆ ಕೆಳಗಿಡಿ. ನೂರು ಕೋಟಿ ವರ್ಷಕ್ಕೂ ಹಿಂದಿನ ಸೂಕ್ಷ್ಮಜೀವಿಗಳ ಗುರುತದು. ಮೊದಲು ಫೋಟೊ, ಅಳತೆ, ಜಿಪಿಎಸ್. ಒಡೆಯುವುದು ಆಮೇಲೆ, ಅದೂ ತೀರಾ ಬೇಕಾದರೆ.

ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಎರಿ ಮಣ್ಣು, ಬಸಾಲ್ಟ್ ಹಳೆಯ ಕಲ್ಲನ್ನು ಮುಚ್ಚಿವೆ. ಅಲ್ಲಿ ಬಾವಿ ತೋಡಿದ ಕಾಕಾನನ್ನು ಕೇಳಿ. ಎಷ್ಟು ಆಳಕ್ಕೆ ಯಾವ ಕಲ್ಲು ಹತ್ತಿತೆಂದು ಅವರಿಗೆ ನೆನಪಿರುತ್ತದೆ. ಬೀಳಗಿಯ ಕೆಲವು ಭಾಗ ಆಲಮಟ್ಟಿ ಹಿನ್ನೀರಿನಡಿ ಹೋಗಿದೆ. ಕ್ವಾರಿಯಲ್ಲಿ ಇವತ್ತು ಕಂಡ ಪದರ ಮುಂದಿನ ವರ್ಷ ಸಿಮೆಂಟ್ ಆಗಿರಬಹುದು. ಆದ್ದರಿಂದ ಗೈಡ್ ಸಹಿಗೆ ಕಾಯಬೇಡಿ, ಈ ವಾರವೇ ನೋಟ್‌ಬುಕ್ ಹಿಡಿದು ಹೊರಡಿ.