ಕೆಂಪು ಜುಟ್ಟಿನ ಬೆಟ್ಟಕ್ಕೆ ಹೊರಟವನಿಗೆ

ಅಪ್ಪೀ,

ಮುಂದಿನ ಶನಿವಾರ ಕ್ರಿಬ್ ಗೋಖ್ ಹತ್ತೋಕೆ ಹೊರಟಿದ್ದೀಯ ಅಂತ ನಿನ್ನತ್ತೆ ಹೇಳಿದಳು. ಮ್ಯಾಂಚೆಸ್ಟರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ವೇಲ್ಸಿನ ಗುಡ್ಡಗಳ ಹುಚ್ಚು ಹಿಡಿದಿದೆ. ಹಿಡೀಲಿ, ಒಳ್ಳೇದೇ. ತಡೆಯೋಕೆ ಅಂತ ಬರೀತಾ ಇಲ್ಲ. ಆದರೆ ಅವಳ ಹತ್ತಿರ ನೀನೊಂದು ಮಾತು ಆಡಿದೆಯಂತೆ: "ಕುಮಾರ ಪರ್ವತ 1,712 ಮೀಟರ್, ಅದನ್ನೇ ಒಂದು ದಿನದಲ್ಲಿ ಹತ್ತಿ ಇಳಿದವನು ನಾನು. ಇದು ಬರೀ 923." ಇಪ್ಪತ್ತು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ ಮಾರಾಯ. ಅದಕ್ಕೇ ಈ ಕಾಗದ.

ಕುಮಾರ ಪರ್ವತ ಕೇಳೋದು ತೊಡೆಯ ಶಕ್ತಿ, ಎದೆಯ ಉಸಿರು. ಸುಸ್ತಾದರೆ ಕೂರಬಹುದು, ನಮ್ಮ ಕಾಲದಲ್ಲಿ ದಾರಿ ನಡುವೆ ಗಿರಿಗದ್ದೆ ಭಟ್ಟರ ಮನೆಯಲ್ಲಿ ಅನ್ನ ಉಂಡು ಮಲಗಬಹುದಿತ್ತು. ಕ್ರಿಬ್ ಗೋಖ್‌ನ ವಿಷಯ ಬೇರೆ. ಪೆನ್-ಇ-ಪಾಸ್‌ನಲ್ಲಿ ಬಸ್ಸಿಳಿಯುವಾಗಲೇ ನೀನು 359 ಮೀಟರ್ ಮೇಲಿರ್ತೀಯ, ಏರೋದು ಹೆಚ್ಚೇನಿಲ್ಲ. (ಆ ಬಸ್ಸಿಗೆ 'ಶೆರ್ಪಾ' ಅಂತ ಹೆಸರು. ಬಸ್ಸಿಗೂ ನಮ್ಮಷ್ಟೇ ಜಂಭ.) ಮೇಲೆ ಮುಟ್ಟಿದ ಮೇಲೆ ಇರೋದು ನೋಡು, ಅದೇ ಆಟ. ವೆಲ್ಶ್ ಭಾಷೆಯಲ್ಲಿ 'ಕ್ರಿಬ್' ಅಂದರೆ ಜುಟ್ಟು, ಏಣು. 'ಗೋಖ್' ಅಂದರೆ ಕೆಂಪು. ಹುಂಜದ ಜುಟ್ಟಿನ ಹಾಗೇ ಮೊನಚು ಮೊನಚಾಗಿ ಎದ್ದು ನಿಂತ ಬಂಡೆಯ ಸಾಲು. ಬಲಕ್ಕೆ ಬಗ್ಗಿದರೆ ಪಾತಾಳ, ಎಡಕ್ಕೂ ಕಡಿದಾದ ಇಳಿಜಾರು, ನಡುವೆ ಕೆಲವು ಕಡೆ ಒಂದು ಪಾದದ ಜಾಗ.

ನಿನ್ನಜ್ಜನ ಮನೆ ತೋಟಕ್ಕೆ ಹೋಗುವಾಗ ಹಳ್ಳಕ್ಕೆ ಹಾಕಿದ್ದ ಸಂಕ ನೆನಪಿದೆಯಾ? ಬೇಸಿಗೆಯಲ್ಲಿ ಕುಣಿದುಕೊಂಡು ದಾಟುತ್ತಿದ್ದ ಅದೇ ಸಂಕ ಆಷಾಢದಲ್ಲಿ ಕೆಳಗೆ ಕೆಂಪು ನೀರು ಭೋರಿಡುವಾಗ ಇದ್ದಕ್ಕಿದ್ದ ಹಾಗೆ ಕಿರಿದಾಗಿಬಿಡುತ್ತಿತ್ತು. ಮರ ಅದೇ, ಕಾಲೂ ಅದೇ. ಕ್ರಿಬ್ ಗೋಖ್ ಅಂದರೆ ಅಂಥ ಸಂಕ, ಉದ್ದ ಮಾತ್ರ ನೂರಾರು ಮೀಟರ್. ಬಂಡೆ ಹತ್ತುವವರು ಇಲ್ಲಿ ಕೈಕಾಲು ಎರಡೂ ಊರಿ ಹೋಗುವ ದಾರಿಗಳಿಗೆ ಒಂದರಿಂದ ಮೂರರ ತನಕ ದರ್ಜೆ ಕೊಡ್ತಾರೆ. ಇದಕ್ಕೆ ಸಿಕ್ಕಿರೋದು ಒಂದನೇ ದರ್ಜೆ, ಅಂದರೆ ಸುಲಭದ್ದು. ಆದರೆ ಆ ಅಂಕಿ ಹೇಳೋದು ಹಿಡಿತ ಎಷ್ಟು ಸುಲಭ ಅಂತ. ಹಿಡಿತ ತಪ್ಪಿದರೆ ಏನಾಗುತ್ತೆ ಅಂತ ಅದು ಹೇಳೋದಿಲ್ಲ.

ನನ್ನ ಕಥೆ ನಿನ್ನಮ್ಮನಿಗೂ ಗೊತ್ತಿಲ್ಲ, ಹೇಳಬೇಡ. ಮೊದಲ ಸಲ ನಾವು ಮೂವರು ಹೋಗಿದ್ದು ಕ್ರಿಬ್ ಗೋಖ್‌ಗೆ ಅಲ್ಲವೇ ಅಲ್ಲ. ಪಿಗ್ ಟ್ರ್ಯಾಕ್ ಅನ್ನೋ ನೆಟ್ಟಗಿನ ಕಾಲುದಾರಿಯಲ್ಲಿ ಯರ್ ವಿಡ್ವಾ ಶಿಖರಕ್ಕೆ, ಇಂಗ್ಲಿಷರ ಸ್ನೋಡನ್‌ಗೆ, ಹೊರಟಿದ್ದೆವು. ಬುಲ್ಖ್ ಇ ಮೋಖ್ ಅನ್ನೋ ಕಡೆ ದಾರಿ ಕವಲೊಡೆಯುತ್ತೆ. ಹಂದಿಗಳ ಕಣಿವೆ ಅಂತ ಅದರ ಅರ್ಥ. ಮುಂದಿದ್ದವರು ಬಲಕ್ಕೆ ಏರಿದರು, ಕುರಿಗಳ ಹಾಗೆ ನಾವೂ ಏರಿದೆವು. ಕೈ ಊರಬೇಕಾಗಿ ಬಂದಾಗ ಸಂಶಯ ಬಂತು. ಆದರೆ ಬಂಡೆ ಹತ್ತೋದು ಸುಲಭ, ಇಳಿಯೋದು ಕಷ್ಟ. ಇಳಿಯುವಾಗ ಕಾಲಿಡೋ ಜಾಗ ಕಣ್ಣಿಗೆ ಕಾಣೋದಿಲ್ಲ. ವಾಪಸು ಹೋಗೋ ಧೈರ್ಯ ಇಲ್ಲದೆ ಮೇಲೆ ಹೋದೆವು. ಮೇಲೆ ಮಂಜು, ಗಾಳಿ. ನಾನು ಎರಡೂ ಕಡೆ ಕಾಲು ಇಳಿಬಿಟ್ಟು ಕುದುರೆಯ ಮೇಲೆ ಕೂತವನ ಹಾಗೆ ಬಂಡೆ ತಬ್ಬಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹಿಂದಿನಿಂದ ಒಬ್ಬ ಗೈಡ್ ತನ್ನಿಬ್ಬರು ಗಿರಾಕಿಗಳ ಜೊತೆ ಬಂದ. ಬೈಯಲಿಲ್ಲ. "ನನ್ನ ಬೂಟು ಮಾತ್ರ ನೋಡು, ಅದು ಇಟ್ಟಲ್ಲಿ ನೀನೂ ಇಡು" ಅಂದ. ಹಾಗೇ ಬುಲ್ಖ್ ಗೋಖ್ ಅನ್ನೋ ತಗ್ಗಿನ ತನಕ ನಮ್ಮನ್ನೂ ಸಾಗಿಸಿದ.

ಮರುವರ್ಷ ಅವನನ್ನೇ ದುಡ್ಡು ಕೊಟ್ಟು ಗೊತ್ತುಮಾಡಿದೆ. ರಜೆ ಹಾಕಿ, ಹೊಸ ಬೂಟು ತಗೊಂಡು ಹೋದರೆ ಅದೇ ಹಂದಿಗಳ ಕಣಿವೆಯಲ್ಲಿ ಐದು ನಿಮಿಷ ಸುಮ್ಮನೆ ನಿಂತು ಗಾಳಿ ನೋಡಿ, "ಇವತ್ತು ಬೇಡ" ಅಂದುಬಿಟ್ಟ. ಆಕಾಶ ನೀಲಿ! ಬೇರೆಯವರು ಹತ್ತುತ್ತಾ ಇದ್ದಾರೆ! ಕೆಳಗಿನ ಮೈನರ್ಸ್ ಟ್ರ್ಯಾಕ್‌ಗೆ ಇಳಿಸಿ, ಸರೋವರದ ದಂಡೆಯಲ್ಲಿ ನನ್ನನ್ನು ದನ ಹೊಡೆದುಕೊಂಡು ಹೋದ ಹಾಗೆ ಹೊಡೆದುಕೊಂಡು ಹೋದ. ನಾನು ಮುಖ ಊದಿಸಿಕೊಂಡೇ ನಡೆದೆ.

ಆವತ್ತು ನೆನಪಾದವನು ನಮ್ಮೂರಲ್ಲಿ ಅಡಿಕೆ ಮರ ಹತ್ತುತ್ತಿದ್ದ ಕೊನೆಗೌಡ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಹೊತ್ತು ಅಜ್ಜನಿಗೆ ಎಷ್ಟು ತಳಮಳ ಇರ್ತಿತ್ತು ಗೊತ್ತಲ್ಲ. ಒಂದು ವಾರ ತಡವಾದರೆ ಕಾಯಿ ಉದುರಿ ವರ್ಷದ ದುಡಿಮೆ ನೆಲಕ್ಕೆ. ಒಂದು ಗಳಿಗೆ ಮಳೆ ನಿಂತರೆ ಸಾಕು, ಮರ ಹತ್ತು ಅಂತ ಗೋಗರೆಯುತ್ತಿದ್ದರು. ಅವನು ಒಂದು ಮರಕ್ಕೆ ಅಂಗೈ ಒತ್ತಿ, ಪಾಚಿಯ ಜಾರು ನೋಡಿ, "ಇವತ್ತು ಆಗೂದಿಲ್ಲ ಹೆಗಡೇರೇ" ಅಂತ ಎಲೆ ಅಡಿಕೆ ಹಾಕಿಕೊಂಡು ಕೂತುಬಿಡ್ತಿದ್ದ. ಊರಿಗೆಲ್ಲ ಜೋರು ಮಾಡುತ್ತಿದ್ದ ಅಜ್ಜ ಅವನೆದುರು ಎರಡನೇ ಮಾತು ಆಡಿದ್ದನ್ನು ನಾನು ನೋಡಿಲ್ಲ. ತೋಟ ಅಜ್ಜನದು, ಮರ ಅಜ್ಜನದು. ಆದರೆ ಹತ್ತೋ ಹೊತ್ತು ಯಾವುದು ಅನ್ನೋದು ಕೊನೆಗೌಡನದು. ಗೈಡ್‌ಗೆ ನೀನು ಕೊಡೋ ದುಡ್ಡೂ ಅದಕ್ಕೇ, ಆ 'ಬೇಡ'ಕ್ಕೆ. ಒಳ್ಳೆಯ ದಿನ ದಾರಿ ತೋರಿಸೋಕೆ ನಕ್ಷೆ ಸಾಕು.

ಹಾಗಂತ ಗೈಡ್ ಅಂದವರೆಲ್ಲ ಗೈಡ್ ಅಲ್ಲ. ಇಲ್ಲಿ 'ಮೌಂಟನ್ ಲೀಡರ್' ಪರೀಕ್ಷೆ ಆದವರು ನಡೆಯೋ ದಾರಿಗಳಿಗೆ ಸರಿ. ಹಗ್ಗ ಬೇಕಾಗಬಹುದು ಅನ್ನೋ ಇಂಥ ಏಣಿನ ಮೇಲೆ ಕರೆದೊಯ್ಯೋಕೆ 'ಮೌಂಟನಿಯರಿಂಗ್ ಅಂಡ್ ಕ್ಲೈಂಬಿಂಗ್ ಇನ್‌ಸ್ಟ್ರಕ್ಟರ್' ಅನ್ನೋ ದೊಡ್ಡ ಪರೀಕ್ಷೆ ಆಗಿರಬೇಕು. ಸಂಕೋಚ ಇಲ್ಲದೆ ಕೇಳು. ಒಳ್ಳೆಯವರಿಗೆ ಕೇಳಿದರೆ ಖುಷಿ. ಅವರೂ ನಿನ್ನನ್ನ ಕೇಳ್ತಾರೆ: ಮೊಣಕಾಲು ಹೇಗಿದೆ, ಎತ್ತರದ ಭಯ ಇದೆಯಾ, ನಿನ್ನೆ ರಾತ್ರಿ ನಿದ್ದೆ ಬಂತಾ. ಆಗ ಶೌರ್ಯ ತೋರಿಸಬೇಡ. ಮದುವೆಗೆ ಹೆಣ್ಣು ನೋಡೋಕೆ ಹೋದಾಗ ಹೇಳೋ ಹಾಗೆ ಹೇಳಬೇಡ, ಡಾಕ್ಟರ ಹತ್ತಿರ ಹೇಳೋ ಹಾಗೆ ಹೇಳು. ನಿನ್ನ ಹೊಟ್ಟೆಯೊಳಗಿನ ನಡುಕ ಗೊತ್ತಿದ್ದರೆ ಅವನು ನಿನ್ನನ್ನು ಚಿಕ್ಕ ಹಗ್ಗದಲ್ಲಿ ಹತ್ತಿರ ಇಟ್ಟುಕೊಳ್ತಾನೆ. ಬಚ್ಚಿಟ್ಟರೆ ಅದು ಏಣಿನ ನಟ್ಟನಡುವೆ ಹೊರಗೆ ಬರುತ್ತೆ, ನನಗೆ ಬಂದ ಹಾಗೆ. ಅಲ್ಲಿಂದ ಆಚೀಚೆ ಇಳಿಯೋಕೆ ಸುಲಭದ ದಾರಿ ಇಲ್ಲ.

ಮೂರನೇ ಸಲ ದಾಟಿದೆ ಅನ್ನು. ಆಗ ಕಲಿತದ್ದು ಒಂದೆರಡು ಹೇಳ್ತೀನಿ. ಏಣಿನ ನೆತ್ತಿಯ ಮೇಲೆ ನಿಂತು ನಡೆಯೋ ದೊಂಬರಾಟ ಬೇಡ. ಎಡಗಡೆ ಸ್ವಲ್ಪ ಕೆಳಗೆ ಕಾಲಿಟ್ಟು, ನೆತ್ತಿಯನ್ನೇ ಮೆಟ್ಟಿಲಿನ ಕಟಾಂಜನದ ಹಾಗೆ ಬಲಗೈಯಲ್ಲಿ ಹಿಡಿದು ಸಾಗು. ಎರಡು ಕೈ, ಎರಡು ಕಾಲು, ಒಟ್ಟು ನಾಲ್ಕರಲ್ಲಿ ಒಂದೇ ಒಂದು ಒಮ್ಮೆಗೆ ಚಲಿಸಬೇಕು, ಉಳಿದ ಮೂರು ಬಂಡೆಗೆ ಅಂಟಿರಬೇಕು. ಕಲ್ಲನ್ನು ಹಿಡಿಯೋ ಮೊದಲು ಗೆಣ್ಣಿನಿಂದ ತಟ್ಟು, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡ್ತಾರಲ್ಲ ಹಾಗೆ. ಪೊಳ್ಳು ಸದ್ದು ಬಂದರೆ ಬಿಡು. ಹಿಡಿದ ಮೇಲೆ ನಿನ್ನ ಕಡೆ ಎಳೀಬೇಡ, ಕೆಳಕ್ಕೆ ಒತ್ತು. ಭಾರ ಕಾಲಿನ ಮೇಲಿರಲಿ. ಹಿಂದೆ ಯಾರೋ ಅವಸರ ಮಾಡಿದರೆ ಜಾಗ ಇರೋ ಕಡೆ ನಿಂತು ಅವರನ್ನ ಮುಂದೆ ಬಿಡು. ಫೋಟೋ ತೆಗೆಯೋದಿದ್ದರೆ ಗೈಡ್ ತೆಗೀತಾನೆ. ನಿನ್ನ ಫೋನು ಜೇಬಿನ ಜಿಪ್ ಒಳಗೆ.

ಮಳೆಯ ವಿಷಯಕ್ಕೆ ಬಂದರೆ, ಇಡೀ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಇದೂ ಒಂದು, ವರ್ಷಕ್ಕೆ ಸರಾಸರಿ 4,400 ಮಿಲಿಮೀಟರ್ ಮೀರುತ್ತೆ. ಆಗುಂಬೆಯ ಮುಂದೆ ಇದೆಂಥ ಮಳೆ ಅಂತ ನಗಬೇಡ. ಆಗುಂಬೆಯ ಮಳೆ ನಾಲ್ಕು ತಿಂಗಳು ಸುರಿದು ಹೋಗುತ್ತೆ, ಇಲ್ಲಿಯದು ಹೇಳದೆ ಕೇಳದೆ ಯಾವ ತಿಂಗಳಲ್ಲೂ ಬರುತ್ತೆ, ಗಾಳಿಯ ಕೈ ಹಿಡಿದು. ಊರಿನ ಹವಾಮಾನ ನೋಡಿ ಹೊರಡಬೇಡ. ಬೆಟ್ಟಗಳಿಗೆ ಅಂತಲೇ 'ಮೌಂಟನ್ ವೆದರ್ ಇನ್ಫರ್ಮೇಶನ್ ಸರ್ವಿಸ್' ಬೇರೆ ವರದಿ ಕೊಡುತ್ತೆ. ಅದರಲ್ಲಿ ಮಳೆಗಿಂತ ಮೊದಲು ಗಾಳಿಯ ವೇಗ ಓದು. ಮತ್ತೆ ಏನಾದರೂ ಆದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು. ಸೀಟಿ ಇಟ್ಟುಕೋ, ನಿಮಿಷಕ್ಕೆ ಆರು ಸಲ ಊದೋದು ಇಲ್ಲಿಯ ಸಂಕೇತ. ಬರುವವರು ಸಂಬಳದ ಜನ ಅಲ್ಲ, ಲ್ಯಾನ್‌ಬೆರಿಸ್ ಸುತ್ತಿನ ಸ್ವಯಂಸೇವಕರು, ಊಟದ ತಟ್ಟೆ ಬಿಟ್ಟು ಎದ್ದು ಬರುವವರು.

ಬಸ್ಸು ಬಿಟ್ಟು ಕಾರಲ್ಲೇ ಹೋಗೋದಾದರೆ ಪೆನ್-ಇ-ಪಾಸ್‌ನಲ್ಲಿ ಅದನ್ನು ನಿಲ್ಲಿಸೋಕೆ ಮೊದಲೇ ಜಾಗ ಕಾದಿರಿಸು, ಮರೀಬೇಡ. ವಾಪಸು ಬರುವಾಗ ಬೆಟ್ಸ್-ಇ-ಕೋಯ್ಡ್ ದಾಟಿದ ಮೇಲೆ ಒಂದು ಫೋನ್ ಹಾಕು. ಹತ್ತಿದೆಯೋ ಬಿಟ್ಟೆಯೋ ಕೇಳೋದಿಲ್ಲ. ಚೆಸ್ಟರಿಗೆ ಎಷ್ಟು ಹೊತ್ತಿಗೆ ಬರ್ತೀಯ ಅಂತ ಹೇಳಿದರೆ ಸಾಕು, ಊರಿಂದ ತಂದ ಅಪ್ಪೆಮಿಡಿ ಇನ್ನೂ ಸ್ವಲ್ಪ ಉಳಿದಿದೆ, ನಿನ್ನತ್ತೆ ಅನ್ನಕ್ಕಿಡ್ತಾಳಂತೆ.

ನಿನ್ನ ಮಾವ